ಸಣ್ಣ ಅಕ್ರಿಲಿಕ್ ಚಿತ್ರಗಳು ಬಿಗಿಯಾಗಿಬಿಡುತ್ತಿವೆ, ಮೇಲಾಗಿ ಬಣ್ಣ ಕಿತ್ತು ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ಇಷ್ಟು ವರ್ಷ ದೊಡ್ಡ ಕ್ಯಾನ್ವಾಸ್ ಮೇಲೇ ಬಿಡಿಸಿದವಳು ನಾನು. ಒಂದೊಂದು ಚಿತ್ರಕ್ಕೂ ವಾರಗಟ್ಟಲೆ ಕೂರುತ್ತಿದ್ದೆ. ಈಗ ಬಿಡುಬೀಸಾಗಿ ಬಿಡಿಸೋದು ಕಲಿಯಬೇಕು ಅನ್ನಿಸಿ 6 ಇಂಚು ಚೌಕದ ಹಾಳೆ ಹಿಡಿದಿದ್ದೇನೆ. ನೀಲಿ ಲೋಟ, ಪಕ್ಕದಲ್ಲಿ ಒಂದು ನಿಂಬೆಹಣ್ಣು, ಇಷ್ಟೇ. ಒಂಬತ್ತು ಸಲ ಮಾಡಿದೆ. ಒಂಬತ್ತೂ ದೊಡ್ಡ ಚಿತ್ರವನ್ನು ಕುಗ್ಗಿಸಿಟ್ಟ ಹಾಗಿವೆ. ನೆರಳನ್ನು ಸರಿಪಡಿಸಲು ಹೋದರೆ ಕೆಳಗಿನ ಬಣ್ಣ ಚೂರುಚೂರಾಗಿ ಎದ್ದು ಬಂದು ಬಿಳಿ ಹಾಳೆ ಕಾಣುತ್ತದೆ. ಬಣ್ಣ ಸಲೀಸಾಗಿ ಹರಿಯಲಿ ಅಂತ ನೀರನ್ನೂ ಜಾಸ್ತಿ ಹಾಕುತ್ತಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ:
ಯಾವ ಬ್ರಶ್ ಬಳಸುತ್ತೀರಿ? ಹಾಳೆಗೆ ಗೆಸ್ಸೊ (ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ತಳಪದರ) ಹಚ್ಚಿದ್ದೀರಾ? ಮೊದಲು ಪೆನ್ಸಿಲ್‌ನಲ್ಲಿ ಎಷ್ಟು ಬಿಡಿಸಿಕೊಳ್ಳುತ್ತೀರಿ?

ಪ್ರಶ್ನೆ ಕೇಳಿದವರು:
2 ಮತ್ತು 4ನೇ ನಂಬರಿನ ರೌಂಡ್ ಬ್ರಶ್. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ, ಗೆಸ್ಸೊ ಹಚ್ಚಿಲ್ಲ. ಪೆನ್ಸಿಲ್‌ನಲ್ಲಿ ಲೋಟದ ಮೇಲಿನ ಹೊಳಪಿನವರೆಗೂ ಗೆರೆ ಹಾಕಿಕೊಳ್ಳುತ್ತೇನೆ.

ಉತ್ತರ:
ಹಾಗಾದ್ರೆ ಕಾರಣ ಅಲ್ಲೇ ಇದೆ. ಹಾಳೆ ಚಿಕ್ಕದಾಯಿತು ಅಂತ ಬ್ರಶ್ಶನ್ನೂ ಚಿಕ್ಕದು ಮಾಡಿದಿರಿ. ಅದಕ್ಕೇ ಹಳೇ ಕೈಯೇ ಕೆಲಸ ಮಾಡುತ್ತಿದೆ. ಒಂದು ಇಂಚು ಅಗಲದ ಫ್ಲ್ಯಾಟ್ (ಚಪ್ಪಟೆ) ಬ್ರಶ್ ತೆಗೆದುಕೊಳ್ಳಿ. 6 ಇಂಚಿನ ಹಾಳೆಯಲ್ಲಿ ಅದು ಆರೇ ಬೀಸಿಗೆ ಈ ಅಂಚಿನಿಂದ ಆ ಅಂಚಿಗೆ ಮುಟ್ಟುತ್ತದೆ. ಸಣ್ಣ ವಿವರ ಮಾಡೋಣ ಅಂದರೂ ಆಗಲ್ಲ. ಗೆರೆ ಬೇಕಾದಲ್ಲಿ ಅದರ ಅಂಚನ್ನೇ ಒತ್ತಿ. ಹಿಡಿಕೆಯನ್ನು ತುದಿಯಲ್ಲಿ ಹಿಡಿಯಿರಿ, ಆಗ ಬೆರಳಿನ ಬದಲು ತೋಳು ಆಡುತ್ತದೆ.

ಪೆನ್ಸಿಲ್ ಗೆರೆ ಹಾಕಿದರೆ ಅದರೊಳಗೆ ಬಣ್ಣ ತುಂಬಲೇಬೇಕು ಅನ್ನಿಸುತ್ತದೆ. ಬಿಟ್ಟುಬಿಡಿ. ಕಣ್ಣು ಕಿರಿದು ಮಾಡಿ ನೋಡಿ. ಕಡು, ನಡು, ತಿಳಿ, ಮೂರೇ ಪಾಲು ಕಾಣಬೇಕು. ಅವನ್ನು ಪ್ಯಾಲೆಟ್ ಮೇಲೆ ಮೊದಲೇ ಕಲೆಸಿಟ್ಟುಕೊಳ್ಳಿ, ಆಮೇಲೆ ಹಾಳೆಗೆ ಕೈ ಹಾಕಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಬಿಡುಬೀಸಾಗಿ ಕಾಣುವ ಚಿತ್ರದಲ್ಲಿ ಯೋಚನೆ ಕಡಿಮೆ ಇರಲ್ಲ, ಅದು ಬೀಸಿಗೆ ಮುಂಚೆಯೇ ಮುಗಿದಿರುತ್ತದೆ.

ಇನ್ನು ಬಣ್ಣ ಕಿತ್ತು ಬರೋದು. ಅಕ್ರಿಲಿಕ್ ಒಣಗುವಾಗ ಮೇಲೆ ಮೊದಲು ಪೊರೆ ಕಟ್ಟುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಬೆರಳಿಟ್ಟರೆ ಅಂಟಂಟು. ಆ ಹೊತ್ತಲ್ಲಿ ಬ್ರಶ್ ಉಜ್ಜಿದರೆ ಪೊರೆ ಹರಿದು ಸುರುಳಿ ಸುರುಳಿಯಾಗಿ ಬರುತ್ತದೆ. ಹಸಿ ಇದ್ದಾಗಲೇ ತಿದ್ದಿ, ಇಲ್ಲಾ ಪೂರ್ತಿ ಒಣಗುವ ತನಕ ಬಿಡಿ. ಪೂರ್ತಿ ಒಣಗಿದ ಮೇಲೆ ಅದು ನೀರಿಗೆ ಕರಗಲ್ಲ, ಮೇಲೆ ಧೈರ್ಯವಾಗಿ ಹಚ್ಚಬಹುದು. ಹೇರ್ ಡ್ರೈಯರ್ ಇದ್ದರೆ ಎರಡೇ ನಿಮಿಷದ ಕೆಲಸ. ಬರೀ ಹಾಳೆ ನೀರನ್ನು ಹೀರಿಕೊಳ್ಳುವುದರಿಂದ ನಿಮ್ಮ ಬಣ್ಣ ಇನ್ನೂ ಬೇಗ ಒಣಗುತ್ತಿದೆ. ನೀರು ಅತಿಯಾದರೆ ಬಣ್ಣವನ್ನು ಹಿಡಿದಿಡುವ ಅಂಟೂ ತೆಳುವಾಗಿ ಪೊರೆ ಬಡವಾಗುತ್ತದೆ. ಹಾಳೆಯನ್ನು ಹಲಗೆಗೆ ಮಾಸ್ಕಿಂಗ್ ಟೇಪ್‌ನಲ್ಲಿ ಅಂಟಿಸಿ ಎರಡು ಕೋಟ್ ಗೆಸ್ಸೊ ಹಚ್ಚಿ. ತೆಳು ಮಾಡಬೇಕಾದಲ್ಲಿ ನೀರಿನ ಬದಲು ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅದೇ ಅಂಟು) ಹಾಕಿ.

ಇನ್ನೊಬ್ಬರು:
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. ದೊಡ್ಡ ಹಾಳೆಯನ್ನು ಟೇಪ್ ಹಾಕಿ ನಾಲ್ಕು ಭಾಗ ಮಾಡಿ, ಒಂದೇ ವಸ್ತುವನ್ನು ನಾಲ್ಕು ಸಲ ಬಿಡಿಸಿ. ಒಂದಕ್ಕೆ 15 ನಿಮಿಷ, ಅಷ್ಟೇ. ಒಂದು ಒಣಗುವಾಗ ಇನ್ನೊಂದಕ್ಕೆ ಹೋಗಬಹುದು, ಹಸಿಬಿಸಿ ಬಣ್ಣವನ್ನು ಕೆದಕುವ ಆಸೆಯೂ ಬರಲ್ಲ. ರಿಟಾರ್ಡರ್ (ಬಣ್ಣ ನಿಧಾನ ಒಣಗುವಂತೆ ಮಾಡುವ ದ್ರವ) ಹಾಕುವುದಾದರೆ ಬಾಟಲಿ ಮೇಲಿನ ಅಳತೆ ಮೀರಬೇಡಿ, ಬಣ್ಣ ಅಂಟಂಟಾಗೇ ಉಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರು:
ಗೆಸ್ಸೊ ಹಚ್ಚಿ, ಒಂದು ಇಂಚಿನ ಬ್ರಶ್ ಹಿಡಿದು ನಾಲ್ಕು ಮಾಡಿದೆ. ಒಂದರಲ್ಲೂ ಬಣ್ಣ ಕಿತ್ತು ಬರಲಿಲ್ಲ! ಆದರೆ ಕಲೆಸಿದಾಗ ಸರಿಯಿದ್ದ ನೆರಳು ಒಣಗಿದ ಮೇಲೆ ತುಂಬಾ ಕಪ್ಪಾಗಿದೆ. ಇದೇಕೆ?

ಉತ್ತರ:
ಅಕ್ರಿಲಿಕ್‌ನ ಅಂಟು ಹಸಿಯಲ್ಲಿ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಆ ಬಿಳುಪು ಹೋದ ಮೇಲೆ ಬಣ್ಣ ಒಂದು ಮೆಟ್ಟಿಲು ಕಡು ಕಾಣುತ್ತದೆ. ಕಲೆಸಿದ ಬಣ್ಣವನ್ನು ಹಾಳೆಯ ಚೂರಿಗೆ ಹಚ್ಚಿ ಒಣಗಿಸಿ ನೋಡಿ, ಅದಕ್ಕೆ ತಕ್ಕಂತೆ ಸ್ವಲ್ಪ ತಿಳಿಯಾಗೇ ಕಲೆಸಿ. ಆದರೆ ಎಲ್ಲದಕ್ಕೂ ಟೈಟಾನಿಯಂ ವೈಟ್ ಸುರಿಯಬೇಡಿ, ಸೀಮೆಸುಣ್ಣದ ಹಾಗೆ ಪೇಲವವಾಗುತ್ತದೆ. ನಿಂಬೆಹಣ್ಣಿನ ನೆರಳನ್ನು ಬಿಳಿಯಿಲ್ಲದೆ, ಹಳದಿಗೆ ಒಂಚೂರು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಬೆರೆಸಿ ನೋಡಿ.

ಪ್ರಶ್ನೆ ಕೇಳಿದವರು:
ಮಾಡಿದೆ. ನಿಂಬೆಹಣ್ಣು ನಾಲ್ಕು ಬೀಸಿಗೆ ಮುಗಿಯಿತು. ಲೋಟದ ಎಡ ಅಂಚು ಹಿನ್ನೆಲೆಯೊಳಗೆ ಕರಗಿಹೋಗಿದೆ. ತಿದ್ದಲು ಕೈ ತುಂಬಾ ತುಡಿಯಿತು, ಆದರೂ ಹಾಗೇ ಬಿಟ್ಟಿದ್ದೇನೆ.