ಪದ ಬೇಕು, ನಾಳೆಯೊಳಗೆ: ಜೆರ್ಸಿ ದ್ವೀಪದ ಯುದ್ಧಕಾಲದ ಸುರಂಗ, ಬಂಕರ್, ಫಿರಂಗಿ ಕಂಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಜೆರ್ಸಿ ದ್ವೀಪದ ಫೋಟೋಗಳ ಒಂದು ಪ್ರದರ್ಶನಕ್ಕೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಸಂಜೆ ಫಲಕಗಳು ಅಚ್ಚಿಗೆ ಹೋಗುತ್ತವೆ.

ಹಿನ್ನೆಲೆ ಇಷ್ಟು. ದ್ವೀಪ ಇರುವುದು ಫ್ರಾನ್ಸ್ ಕರಾವಳಿಯ ಪಕ್ಕ, ಆದರೆ ಬ್ರಿಟಿಷ್ ರಾಜಪೀಠಕ್ಕೆ ಸೇರಿದ್ದು. 1940ರ ಜುಲೈ 1ರಂದು ಜರ್ಮನ್ ಸೇನೆ ಅದನ್ನು ಹಿಡಿಯಿತು, 1945ರ ಮೇ 9ರವರೆಗೂ ಬಿಡಲಿಲ್ಲ. 1941ರ ಅಕ್ಟೋಬರ್‌ನಲ್ಲಿ ಹಿಟ್ಲರ್ ಈ ಕಡೆಯ ದ್ವೀಪಗಳನ್ನೆಲ್ಲ ಕೋಟೆ ಮಾಡಿ ಅಂತ ಆಜ್ಞೆ ಹೊರಡಿಸಿದ. ಆಮೇಲೆ ಗುಡ್ಡ ಕೊರೆದು ಸುರಂಗ, ಕಡಲಂಚಿಗೆ ಟ್ಯಾಂಕ್ ತಡೆಯುವ ಗೋಡೆ, ಬಂಡೆಗಳ ನೆತ್ತಿಯಲ್ಲಿ ಫಿರಂಗಿ ನೆಲೆ, ಎತ್ತರದ ಗೋಪುರ, ಎಲ್ಲ ಕಾಂಕ್ರೀಟಿನಲ್ಲಿ. ಕೆಲವನ್ನು ಈಗ ಚೆನ್ನಾಗಿ ಇಟ್ಟುಕೊಂಡಿದ್ದಾರೆ. ಮಿಕ್ಕವು ಪಾಳು ಬಿದ್ದಿವೆ. ಟಾರ್ಚ್ ಹಿಡಿದು ಒಳಗೆ ಹೋಗುವ ಹುಚ್ಚಿನವರೂ ಇದ್ದಾರೆ, ಫೋಟೋಗಳು ಅಂಥವರದ್ದೇ.

ನನ್ನ ತೊಡಕು: ಸುರಂಗ ಅಂದರೆ ಓದುವವರ ಕಣ್ಣಿಗೆ ರೈಲು ಬರುತ್ತದೆ, ಇಲ್ಲವೇ ನೆಲದಲ್ಲಿ ಹೂತಿಡುವ ಸಿಡಿಗುಂಡು. ಇದು ಎರಡೂ ಅಲ್ಲ. ಜರ್ಮನ್ನರು ಇದಕ್ಕೆ ಹೋಲ್‌ಗಾಂಗ್ಸ್‌ಆನ್‌ಲಾಗೆ ಅನ್ನುತ್ತಿದ್ದರು. ಬಿಡಿಸಿದರೆ ಟೊಳ್ಳು, ಹಾದಿ, ಕಟ್ಟಣೆ. ಉದ್ದ ಸಾಲು, ಅಡ್ಡ ಸಾಲು, ನಡುವೆ ಕೋಣೆಗಳು. ಬಂಕರ್ ಅನ್ನುವುದನ್ನು ಹಾಗೇ ಬಿಡಬಹುದಾ? ದಪ್ಪ ಗೋಡೆಯಲ್ಲಿ ಫಿರಂಗಿಯ ಮೂತಿಗೆ ಬಿಟ್ಟ ಸೀಳಿಗೆ ಏನನ್ನಲಿ? ಪ್ರದರ್ಶನದ ಹೆಸರಿಗೂ ಒಂದು ಪದ ಬೇಕು. 'ಅನ್ವೇಷಣೆ' ಬೇಡವೇ ಬೇಡ, ಪಠ್ಯಪುಸ್ತಕದ ವಾಸನೆ.

— ಸು.

*

ಸುರಂಗ ಕನ್ನಡವಲ್ಲ. ನೆಲದಡಿಹಾದಿ ಅನ್ನಿ. ಬಂಕರಿಗೆ ಕಾಪುಗೂಡು. ಸೀಳಿಗೆ ಕಂಡಿ. ಬಾಶೆ ಇರುವುದು ಮಂದಿಗೆ, ಪಂಡಿತರಿಗಲ್ಲ. ಮುಗಿಯಿತು.

— ಕಾ.

*

ಮುಗಿಯಲಿಲ್ಲ ಸ್ವಾಮಿ. ನಿಮ್ಮ 'ಬಾಶೆ'ಯ ಹೊಟ್ಟೆ ಸೀಳಿ ಮಹಾಪ್ರಾಣ ತೆಗೆದರೂ ಅದು ಸಂಸ್ಕೃತದ ಪದವೇ. ಅದು ಹಾಗಿರಲಿ.

ಸು ಅವರೇ, ಸುರಂಗವನ್ನು ಬಿಡಬೇಡಿ. ರೈಲಿಗೆ ಆ ಪದ ಹತ್ತಿದ್ದು ಮೊನ್ನೆ ಮೊನ್ನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು 'ಸುರುಂಗಾ'. ಅರಸ ತಪ್ಪಿಸಿಕೊಳ್ಳುವ ಗುಟ್ಟಿನ ದಾರಿಗೂ ಅದೇ, ಕೋಟೆಯ ಕೆಳಗೆ ಕೊರೆಯುವ ದಾರಿಗೂ ಅದೇ. ಅದು ಗ್ರೀಕರ 'ಸಿರಿಂಕ್ಸ್'ನಿಂದ ಬಂತು ಅಂತ ಅನೇಕ ವಿದ್ವಾಂಸರು ಹೇಳಿದ್ದಾರೆ. ಸಿರಿಂಕ್ಸ್ ಅಂದರೆ ಕೊಳಲು, ಕೊಳವೆ. ಡಾಕ್ಟರ ಸಿರಿಂಜಿಗೂ ಅದೇ ಬೇರು. ಮುತ್ತಿಗೆ ಹಾಕಿದ ಸೈನಿಕರು ತೋಡುವ ದಾರಿಗೆ ಗ್ರೀಕರು ಈ ಮಾತನ್ನೇ ಬಳಸುತ್ತಿದ್ದರು. ಅಂದಮೇಲೆ ಸುರಂಗ ಹುಟ್ಟಾ ಯುದ್ಧದ ಪದ. ಸಿಡಿಗುಂಡಿನ ಅರ್ಥ ಬಂದದ್ದೂ ಅಲ್ಲಿಂದಲೇ: ಗೋಡೆಯ ಕೆಳಗೆ ಕೊರೆದು, ಮದ್ದು ತುಂಬಿ, ಹಾರಿಸುವುದು. ನಿಮ್ಮ ಫಲಕಕ್ಕೆ ಇದಕ್ಕಿಂತ ಸರಿಯಾದ ಪದ ಸಿಗುವುದಿಲ್ಲ. 'ನೆಲದಡಿಹಾದಿ' ಅಂದರೆ ಜನ ರಸ್ತೆ ದಾಟುವ ಸಬ್‌ವೇ ಅಂದುಕೊಳ್ಳುತ್ತಾರೆ.

— ರಾ.

*

ನಮ್ಮ ಕಡೆ ಇದಕ್ಕೆ ಬೋಗದಾ ಅಂತಾರ್ರೀ.

— ಬ.

*

ಅದು ಮರಾಠಿ.

— ಕಾ.

*

ಆಗಲಿ ಬಿಡ್ರಿ. ಸುರಂಗ ಗ್ರೀಕ್ ಇದ್ದರೆ ನಡೀತದ, ಬೋಗದಾ ಮರಾಠಿ ಇದ್ದರೆ ನಡಿಯಂಗಿಲ್ಲ ಏನ್ರಿ?

— ಬ.

*

ಪದದ ಜಗಳ ಆಮೇಲೆ ಮಾಡಿ, ಮೊದಲು ವಸ್ತು ಯಾವುದು ಅಂತ ನೋಡಿ. ನಾನು ಆ ದ್ವೀಪದಲ್ಲಿ ಸ್ವಲ್ಪ ಕಾಲ ಇದ್ದವಳು.

ಜನ ನೋಡಲು ಹೋಗುವ ದೊಡ್ಡ ಸುರಂಗ ಇರುವುದು ಸೇಂಟ್ ಲಾರೆನ್ಸ್ ಭಾಗದಲ್ಲಿ. ಜರ್ಮನ್ನರ ಪಟ್ಟಿಯಲ್ಲಿ ಅದು ಹೋ 8, ಅಂದರೆ ಎಂಟನೆಯ ಹೋಲ್‌ಗಾಂಗ್ಸ್‌ಆನ್‌ಲಾಗೆ. ಎಲ್ಲ ಸಾಲುಗಳನ್ನು ಕೂಡಿಸಿದರೆ ಒಂದು ಕಿಲೋಮೀಟರಿಗಿಂತ ಜಾಸ್ತಿ. ಬಾಂಬಿಗೆ ಸಿಗದ ಹಾಗೆ ಫಿರಂಗಿ ರಿಪೇರಿ ಮಾಡುವ ಜಾಗ ಅಂತ ಶುರು ಮಾಡಿದರು. ಆಮೇಲೆ ಮಿತ್ರಪಡೆಗಳು ಯುರೋಪಿಗೆ ಇಳಿಯುತ್ತವೆ ಅಂತ ಗೊತ್ತಾದಾಗ ಅವಸರವಾಗಿ ಆಸ್ಪತ್ರೆ ಮಾಡಿದರು. ಆದ್ದರಿಂದ ಅದು ಎಲ್ಲಿಂದಲೋ ಎಲ್ಲಿಗೋ ಹೋಗುವ ದಾರಿಯಲ್ಲ. ಒಳಗೇ ಇರುವುದಕ್ಕೆ ಮಾಡಿದ್ದು. 'ಹಾದಿ' ಅನ್ನುವ ಯಾವ ಪದವೂ ಅಲ್ಲಿಗೆ ಹೊಂದುವುದಿಲ್ಲ. ಮುಂದಿನ ಭಾಗಕ್ಕೆ ನುಣ್ಣನೆಯ ಕಾಂಕ್ರೀಟ್, ಬಾಗಿದ ಸೂರು, ಆಸ್ಪತ್ರೆಯ ವಾರ್ಡು. ಒಳಗೆ ಹೋದರೆ ಕಾಂಕ್ರೀಟ್ ನಿಂತುಬಿಡುತ್ತದೆ. ಬರೀ ಕೊರೆದ ಬಂಡೆ, ಕೆಳಗೆ ಉದುರಿದ ಕಲ್ಲು. ನನ್ನ ಮಟ್ಟಿಗೆ 'ಸುರಂಗಸಾಲು' ಸಾಕು. ಒಂದೇ ಆದರೆ ಸುರಂಗ.

ಇನ್ನು ಬಂಕರ್. ಅದು ಒಂದು ವಸ್ತುವಲ್ಲ, ಹತ್ತು ವಸ್ತು. ಫಿರಂಗಿ ಇಟ್ಟ ಕಾಂಕ್ರೀಟ್ ಕೋಣೆ ಬೇರೆ. ಸೈನಿಕರು ಮಲಗುವ ಕೋಣೆ ಬೇರೆ. ಟೊಬ್ರುಕ್ ಅಂತ ಇನ್ನೊಂದು ಇದೆ: ನೆಲದಲ್ಲಿ ಹೂತ ಕಾಂಕ್ರೀಟ್ ಗುಂಡಿ, ಮೇಲೆ ದುಂಡನೆಯ ಬಾಯಿ, ಅದರಿಂದ ಒಬ್ಬ ಸೈನಿಕ ತಲೆ, ಬಂದೂಕು ಎರಡನ್ನೇ ಹೊರಗಿಡುವುದು. ಲಿಬಿಯಾದ ಊರಿನ ಹೆಸರೇ ಅದಕ್ಕೆ ಅಂಟಿತು. ನಿಮ್ಮ ಫೋಟೋದಲ್ಲಿ ಯಾವುದು ಇದೆ ಸು?

— ಲ.

*

ನಾಲ್ಕು ಬಗೆಯವು ಇವೆ ಲ ಮೇಡಂ. ದ್ವೀಪದ ಲೆ ಲಾಂಡ್ ಅನ್ನುವ ಜಾಗದ ಫಿರಂಗಿ ನೆಲೆ, ಅದರ ಹತ್ತಿರದ ಗೋಪುರ, ಒಂದು ಟೊಬ್ರುಕ್ ಗುಂಡಿ, ಒಂದು ಪೂರಾ ಕತ್ತಲಿರುವ ಸುರಂಗ. ಇನ್ನು ಒಂದು ದಿನ ಕೂಡ ಇಲ್ಲ, ದಯವಿಟ್ಟು ಗ್ರೀಸಿಗೆ ಹೋಗಬೇಡಿ.

— ಸು.

*

ಟೊಬ್ರುಕ್ ಗುಂಡಿಗೆ ಹಗೇವು ಅನ್ನಿ. ನೆಲದೊಳಗೆ ತೋಡಿ, ದುಂಡು ಬಾಯಿ ಬಿಟ್ಟು, ಜೋಳ ತುಂಬಿಡುತ್ತಿದ್ದದ್ದು. ರೂಪ ಅದೇ.

— ಕಾ.

*

ಜೋಳ ತುಂಬುವುದಕ್ಕೂ ಮೆಷಿನ್‌ಗನ್ ಹಿಡಿದು ನಿಲ್ಲುವುದಕ್ಕೂ ವ್ಯತ್ಯಾಸ ಇಲ್ವಾ? ರೂಪ ಒಂದೇ ಅಂತ ಬಾವಿಗೂ ಹಗೇವು ಅಂತೀರಾ?

ಬಂಕರ್ ಹಾಗೇ ಇರಲಿ. ಅದು ಇಂಗ್ಲಿಷ್ ಅಂತ ಕಾ ಅವರಿಗೆ ಸಿಟ್ಟು, ಆದರೆ ಅದರ ಅಲೆದಾಟ ಕೇಳಿ. ಸ್ಕಾಟ್ಲೆಂಡಿನ ಮಾತಿನಲ್ಲಿ ಅದು ಕೂರುವ ಪೆಟ್ಟಿಗೆ. ಅಲ್ಲಿಂದ ಹಡಗಿನಲ್ಲಿ ಕಲ್ಲಿದ್ದಲು ತುಂಬುವ ಗೂಡು. ಜರ್ಮನ್ನರು ಕಲ್ಲಿದ್ದಲ ಗೂಡಿನ ಅರ್ಥದಲ್ಲೇ ಇಂಗ್ಲಿಷಿನಿಂದ ತೆಗೆದುಕೊಂಡರು. ಆಮೇಲೆ ಸೈನಿಕರ ಗೂಡಿಗೂ ಅದನ್ನೇ ಕರೆದರು, ಆ ಅರ್ಥ ಹೊತ್ತುಕೊಂಡು ಪದ ತಿರುಗಿ ಇಂಗ್ಲಿಷಿಗೆ ಬಂತು. ಕೊಟ್ಟವರೇ ವಾಪಸು ಪಡೆದುಕೊಂಡ ಪದಕ್ಕೆ ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

— ರಾ.

*

ರಾಯರೇ, ಹಾಗಾದರೆ ಎಲ್ಲವನ್ನೂ ಹಾಗೇ ಬಿಡೋಣ. ಕನ್ನಡದ ವಿಭಕ್ತಿ ಮಾತ್ರ ಅಂಟಿಸೋಣ. ಮಂದಿ ಕೋಟೆ ಕಟ್ಟಿ ಆಳಿದ ನಾಡಿನ ನುಡಿಯಲ್ಲಿ ಪದ ಇಲ್ಲ ಅನ್ನುವುದು ಸೋಮಾರಿತನ. ಕೋಟೆ ನಮ್ಮದು, ಸಂಸ್ಕೃತಕ್ಕೇ ನಾವು ಕೊಟ್ಟದ್ದು. ಕೊತ್ತಲ ಇದೆ, ಕಾವಲು ನಿಲ್ಲುವ ಹುಡೆ ಇದೆ, ಸುತ್ತಲ ತೋಡಿಗೆ ಅಗಳು ಇದೆ, ಗೋಡೆಯ ನೆತ್ತಿಯ ಹಲ್ಲಿಗೆ ತೆನೆ ಇದೆ.

— ಕಾ.

*

ಇದೆ, ಆದರೆ ಯಾವುದಕ್ಕೆ? ಕೊತ್ತಲ ಕೋಟೆಗೋಡೆಯಿಂದ ಹೊರಚಾಚಿದ ಭಾಗ. ಜೆರ್ಸಿಯಲ್ಲಿ ಸುತ್ತು ಗೋಡೆಯೇ ಇಲ್ಲ, ಎಲ್ಲಿಂದ ಚಾಚೋಣ? ಒಂದೊಂದು ಕಟ್ಟಡ ಒಂದೊಂದು ಕಡೆ ಬಿಡಿಬಿಡಿಯಾಗಿ ನಿಂತಿದೆ. ಅರ್ಧಕ್ಕರ್ಧ ಮಣ್ಣಿನೊಳಗೆ. ಕೊತ್ತಲ ಅಂತ ಬರೆದರೆ ನೋಡುವವರು ಕಲ್ಲಿನ ಕೋಟೆ ಹುಡುಕುತ್ತಾರೆ.

ಹುಡೆ ಮಾತ್ರ ನನಗೆ ಇಷ್ಟವಾಯಿತು, ಗೋಪುರಕ್ಕೆ. ಗೋಪುರ ಅಂದರೆ ಗುಡಿ ನೆನಪಾಗುತ್ತದೆ, ಅಲ್ವಾ? ಲೆ ಲಾಂಡ್‌ನದ್ದು ಕಡಲ ಕಡೆ ಮುಖ ಮಾಡಿದ ಕಾಂಕ್ರೀಟ್ ಹುಡೆ, ಅಂತಸ್ತು ಅಂತಸ್ತಿಗೆ ಅಡ್ಡಕ್ಕೆ ಒಂದು ಸೀಳು. ಅಲ್ಲಿಂದ ಹಡಗು ಎಷ್ಟು ದೂರದಲ್ಲಿದೆ, ಯಾವ ದಿಕ್ಕಿನಲ್ಲಿದೆ ಅಂತ ಅಳೆದು ಫಿರಂಗಿಯವರಿಗೆ ಹೇಳುವುದು. ಆದರೆ ಹುಡೆ ಎಷ್ಟು ಜನಕ್ಕೆ ಗೊತ್ತು? 'ಕಾವಲು ಹುಡೆ' ಅಂದರೆ ತಿಳಿಯಬಹುದು.

ಸೀಳಿನ ವಿಷಯ. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಚುರುಕು. ಕಿಂಡಿ ಇಣುಕುವುದಕ್ಕೆ, ಕಂಡಿ ತೂರುವುದಕ್ಕೆ. ಬೇಲಿಯಲ್ಲಿ ದನ ನುಗ್ಗುವುದು ಕಂಡಿಯಿಂದ, ಕಿಂಡಿಯಿಂದಲ್ಲ. ಹಾಗಾಗಿ ಹುಡೆಯಲ್ಲಿ ಇರುವುದು ನೋಡುಗಿಂಡಿ. ಬಂಕರಿನಲ್ಲಿ ಇರುವುದು ಫಿರಂಗಿ ಕಂಡಿ. ಇದರಲ್ಲಿ ಜಗಳ ಬೇಡ, ಎರಡನ್ನೂ ಬರೆದುಕೊಳ್ಳಿ.

— ಲ.

*

ಕಂಡಿ, ಕಿಂಡಿ ಒಪ್ಪಿದೆ. ಮೊದಲ ಉತ್ತರದಲ್ಲೇ ನಾನು ಹೇಳಿದ್ದೆ.

— ಕಾ.

*

ಅಬ್ಬಾ, ಒಂದು ಆಯಿತು. ಫಿರಂಗಿ ನೆಲೆಗೆ ಏನು? ಲೆ ಲಾಂಡ್‌ನದ್ದಕ್ಕೆ ಜರ್ಮನ್ ಹೆಸರು 'ಬಟೆರಿ ಮೋಲ್ಟ್ಕೆ'. ಯುದ್ಧ ಮುಗಿದ ಮೇಲೆ ಅಲ್ಲಿನ ಫಿರಂಗಿಗಳನ್ನು ಬಂಡೆಯಿಂದ ಕೆಳಗೆ ಉರುಳಿಸಿದರಂತೆ, ಎಷ್ಟೋ ವರ್ಷ ಆದ ಮೇಲೆ ಕೆಲವನ್ನು ಮೇಲೆತ್ತಿ ತಂದು ಇಟ್ಟಿದ್ದಾರೆ. ಫೋಟೋದಲ್ಲಿ ತುಕ್ಕು ಹಿಡಿದ ಮೂತಿ ಕಾಣುತ್ತದೆ. 'ಬ್ಯಾಟರಿ' ಅಂತ ಬರೆದರೆ ಟಾರ್ಚಿನದ್ದು ಅಂದುಕೊಳ್ಳುತ್ತಾರೆ.

— ಸು.

*

ಬತೇರಿ! ಮಂಗಳೂರಿನ ಸುಲ್ತಾನ್ ಬತೇರಿ ಯಾರೂ ನೋಡಿಲ್ವಾ? ಟಿಪ್ಪು ಕಾಲದ್ದು, ಕೆಲಸವೂ ಇದೇ: ನೀರಿನ ಕಡೆ ಫಿರಂಗಿ ತಿರುಗಿಸಿ ಹಡಗು ತಡೆಯುವುದು. ಮೂಲದಲ್ಲಿ ಅದೂ ಬ್ಯಾಟರಿಯೇ. ಆದರೆ ನಾಲಿಗೆಯಲ್ಲಿ ಹೊರಳಿ ಹೊರಳಿ ನಮ್ಮದಾಗಿದೆ. ಇದಕ್ಕಿಂತ ಬೇಕಾ?

— ಲ.

*

ಎರವಲು.

— ಕಾ.

*

ಫಿರಂಗಿ ಎರವಲಲ್ವಾ? ಫ್ರಾಂಕರ ಹೆಸರೇ ಅದು. ತೋಪು ತುರ್ಕಿಯಿಂದ ಬಂತು. ಬುರುಜು ಅರಬ್ಬಿ. ಯುದ್ಧದ ಪದ ಯಾವಾಗಲೂ ಹೊಡೆದವನ ಜೊತೆಗೇ ಬರುತ್ತದೆ ಸ್ವಾಮಿ. ನೀವೇ ಮೇಲೆ 'ಫಿರಂಗಿ ಕಂಡಿ' ಒಪ್ಪಿಕೊಂಡಿರಿ, ಆಗ ಎರವಲು ಕಾಣಲಿಲ್ಲ. ನಿಮ್ಮ ಜರಡಿಯ ಕಣ್ಣು ನಿಮಗೆ ಬೇಕಾದ ಹಾಗೆ ದೊಡ್ಡದಾಗುತ್ತದೆ.

— ರಾ.

*

ಕಂಡಿ ಒಪ್ಪಿದ್ದು. ಫಿರಂಗಿ ಒಪ್ಪಿಲ್ಲ. ಓದಲು ಕಲಿಯಿರಿ.

— ಕಾ.

*

ಬತೇರಿ ಹಾಕಿದೆ. ಬಂಕರ್ ಹಾಗೇ ಬಿಟ್ಟೆ. ಟೊಬ್ರುಕ್‌ಗೆ 'ಟೊಬ್ರುಕ್ ಗುಂಡಿ'. ಹೆಸರಿಗೆ 'ಕತ್ತಲ ತಡಕಾಟ' ಅಂತ ಇಟ್ಟಿದ್ದೇನೆ, ಬೇಡ ಅನ್ನುವವರು ಈಗಲೇ ಹೇಳಿ.

ನಿಜವಾದ ಕಷ್ಟ ಈಗ ಬಂತು. ಸುರಂಗ ತೋಡಿದವರ ಬಗ್ಗೆ ಒಂದು ಫಲಕ ಇದೆ. ಜರ್ಮನ್ ಸೇನೆಗೆ ಕಟ್ಟಡ ಕಟ್ಟಿಸುತ್ತಿದ್ದ ಆರ್ಗನೈಸೇಷನ್ ಟೋಟ್ ಅನ್ನುವ ಸಂಸ್ಥೆಯ ಕೈಕೆಳಗೆ ಅನೇಕ ದೇಶದವರು ದುಡಿದರು: ಸೋವಿಯತ್ ದೇಶದಿಂದ ಹಿಡಿದು ತಂದವರು, ಸ್ಪೇನ್‌ನ ಅಂತರ್ಯುದ್ಧದಲ್ಲಿ ಸೋತು ಫ್ರಾನ್ಸಿಗೆ ಓಡಿ ಬಂದಿದ್ದ ಗಣರಾಜ್ಯದ ಕಡೆಯವರು, ಇನ್ನೂ ಎಷ್ಟೋ ಜನ. ಕೆಲವರಿಗೆ ಸಂಬಳ ಇತ್ತು. ಸೋವಿಯತ್ ಜನರನ್ನು ಮನುಷ್ಯರ ಹಾಗೆ ಕಾಣಲೇ ಇಲ್ಲ. ಇವರೆಲ್ಲರಿಗೂ ಒಂದೇ ಪದ ಏನು ಹಾಕಲಿ? ಬಿಟ್ಟಿ ಕೆಲಸಗಾರರು?

— ಸು.

*

ಬಿಟ್ಟಿ ಹಾಕಿದರೆ ಕೆಟ್ಟಿತು. ಹಳೆಯ ಶಾಸನಗಳಲ್ಲಿ ಬಿಟ್ಟಿ ಅಂದರೆ ಬಲವಂತದ ದುಡಿಮೆಯೇ, ಸಂಸ್ಕೃತದ ವಿಷ್ಟಿ. ಈಗ ಬಿಟ್ಟಿ ಅಂದರೆ ಪುಕ್ಕಟೆ. ಸುಮ್ನೆ ಬಂದು ಕೆಲಸ ಮಾಡಿಕೊಟ್ಟರು ಅನ್ನುವ ಹಾಗೆ ಕೇಳುತ್ತದೆ. ಜೀತದಾಳು ಕೂಡ ಬೇಡ. ಜೀತಕ್ಕೆ ಹಿಂದೆ ಸಾಲ ಇರುತ್ತದೆ, ಧಣಿ ಇರುತ್ತಾನೆ. ಕೂಲಿಯವರು ಅನ್ನಲೇಬೇಡಿ, ಕೂಲಿ ಅಂದರೆ ಕೊಟ್ಟ ಹಣ.

ಒಂದೇ ಪದ ಯಾಕೆ ಬೇಕು? ಸೋವಿಯತ್ ಜನರಿಗೆ 'ಗುಲಾಮರಂತೆ ದುಡಿಸಿದ ಸೆರೆಯಾಳುಗಳು' ಅಂತ ಬಿಡಿಸಿ ಬರೆಯಿರಿ. ಮಿಕ್ಕವರಿಗೆ 'ಬಲವಂತದ ಕೆಲಸಗಾರರು'. ಸಂಬಳಕ್ಕೆ ಬಂದವರಿಗೆ ಕೆಲಸಗಾರರು. ಫಲಕದಲ್ಲಿ ಜಾಗ ಇಲ್ಲ ಅಂದರೆ ಬತೇರಿಯ ಫಲಕದಲ್ಲಿ ಫಿರಂಗಿಗಳ ಅಳತೆ ಬರೆದಿದ್ದರೆ ಅದನ್ನು ಕಿತ್ತುಹಾಕಿ.

— ಲ.

*

ಇದಕ್ಕೆ ನನ್ನ ತಕರಾರಿಲ್ಲ. ಗುಲಾಮ ಅರಬ್ಬಿ ಅಂತ ಕಾ ಅವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

— ರಾ.

*

ಸೆರೆಯಾಳು ಚೆನ್ನಾಗಿದೆ.

— ಕಾ.

*

ಕೊನೆಯದು. ಕತ್ತಲ ಸುರಂಗದ ಫೋಟೋ ಕೆಳಗೆ ಎಚ್ಚರಿಕೆಯ ಸಾಲು ಬೇಕಂತೆ. 1962ರಲ್ಲಿ ಜೆರ್ಸಿಯ ಒಂದು ಪಾಳು ಸುರಂಗಕ್ಕೆ ಹೋದ ಇಬ್ಬರು ಹುಡುಗರು ಒಳಗಿದ್ದ ಕಾರ್ಬನ್ ಮೊನಾಕ್ಸೈಡಿನಿಂದ ಸತ್ತರು. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. 'ಮುಚ್ಚಿದ ಸುರಂಗವನ್ನು ಹೊಗಬೇಡಿ, ಒಳಗಿನ ಗಾಳಿ ಕೊಲ್ಲಬಹುದು' ಅಂತ ಬರೆದಿದ್ದೇನೆ. ಸರಿಯಾ?

— ಸು.

*

ಹೊಗಬೇಡಿ ಅಂದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. 'ಸುರಂಗದೊಳಗೆ ಹೋಗಬೇಡಿ' ಸಾಕು.

— ಲ.

*

ಹೊಗು ಬೇರೆ, ಹೋಗು ಬೇರೆ. ಹೊಕ್ಕ, ಹೋದ. ಈ ಭೇದ ಗೊತ್ತಿಲ್ಲದವರಿಗೋಸ್ಕರ ಪದ ಬಿಡುತ್ತಾ ಹೋದರೆ ಉಳಿಯುವುದೇನು? ಈ ಒಂದು ವಿಷಯದಲ್ಲಿ ನಾನು ಕಾ ಅವರ ಕಡೆ, ಅವರು ಇನ್ನೂ ಬಾಯಿ ಬಿಡದಿದ್ದರೂ.

— ರಾ.

*

ಎಚ್ಚರಿಕೆಯ ಫಲಕ ವ್ಯಾಕರಣ ಕಲಿಸಲಿಕ್ಕೆ ಹಾಕುವುದಲ್ಲ ರಾಯರೇ. ಲ ಮೇಡಂ ಹೇಳಿದ ಹಾಗೆ 'ಹೋಗಬೇಡಿ' ಮಾಡಿ ಅಚ್ಚಿಗೆ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

— ಸು.

*

ಹೊಗಬೇಡಿ ಸರಿ. ಥ್ಯಾಂಕ್ಸ್ ಅಲ್ಲ, ನನ್ನಿ.

— ಕಾ.