ಸಹಾಯ ಬೇಕು: ಮೌಂಟನ್ ಬೈಕಿಗೆ ಹೆಚ್ಚು ಆರೈಕೆ ಬೇಡದ ಡಿಸ್ಕ್ ಬ್ರೇಕ್ ಯಾವುದು?

ನಮಸ್ಕಾರ. ನನ್ನ ಸೈಕಲ್ಲಿನಲ್ಲಿ ಈಗಿರುವುದು ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಬ್ರೇಕ್. ಒಂದೇ ಕಡೆಯ ಪ್ಯಾಡ್ ಚಲಿಸುತ್ತದೆ. ಅದು ರೋಟರನ್ನು (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು) ತುಸು ಬಾಗಿಸಿ ಇನ್ನೊಂದು ಪ್ಯಾಡಿಗೆ ಒತ್ತುತ್ತದೆ. ಕಳೆದ ವಾರ ಕೆಸರಿನ ಇಳಿಜಾರಿನಲ್ಲಿ ಲಿವರ್ ಹಿಡಿಕೆಗೆ ತಾಗುವಷ್ಟು ಎಳೆದರೂ ಚಕ್ರ ನಿಲ್ಲಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಪ್ಯಾಡಿನ ಒಂದು ಅಂಚು ಲೋಹದ ತಗಡಿನವರೆಗೂ ಸವೆದಿತ್ತು, ಕೇಬಲ್ಲಿನ ಹೊದಿಕೆಯಿಂದ ಕಂದು ತುಕ್ಕಿನ ಪುಡಿ ಉದುರಿತು. ಆ ಇಳಿಜಾರಿನ ಭಯ ಇನ್ನೂ ಹೋಗಿಲ್ಲ.

ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ, ಕಡಿಮೆ ಬೆಲೆಯ ಹೈಡ್ರಾಲಿಕ್ ಬ್ರೇಕಿನತ್ತ ಮನಸ್ಸು ವಾಲಿದೆ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ತಾನೇ ಮುಂದಕ್ಕೆ ಬರುವುದರಿಂದ ಪದೇ ಪದೇ ಸ್ಕ್ರೂ ತಿರುಗಿಸುವ ಕೆಲಸವಿಲ್ಲ. ಅದರಲ್ಲೂ ಮಿನರಲ್ ಆಯಿಲ್ ಬಳಸುವುದೇ ಬೇಕು. ಡಾಟ್ ಎಂಬ ಇನ್ನೊಂದು ಬಗೆಯ ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ, ಬಣ್ಣಕ್ಕೂ ಹಾನಿ ಮಾಡುತ್ತದೆ. ಶಿಮಾನೊ ಎಂಟಿ200 ಕಣ್ಣಿಗೆ ಬಿದ್ದಿದೆ. ಇನ್ನೊಂದು ದಾರಿ, ಎರಡೂ ಪ್ಯಾಡುಗಳನ್ನು ಕೈಯಿಂದಲೇ ಹೊಂದಿಸಬಹುದಾದ ಕೇಬಲ್ ಬ್ರೇಕ್ ಏವಿಡ್ ಬಿಬಿ7. ಕೇಬಲ್ ಆದರೆ ದಾರಿಯಲ್ಲೇ ಬದಲಾಯಿಸಬಹುದು ಎಂಬುದು ದೂರ ಹೋಗುವ ನನಗೆ ಸಣ್ಣ ಮಾತಲ್ಲ.

ನನ್ನ ಫ್ರೇಮ್ ಮತ್ತು ಫೋರ್ಕ್ ಎರಡರಲ್ಲೂ ಬ್ರೇಕ್ ಕೂರಿಸುವ ಜಾಗ ಪೋಸ್ಟ್ ಮೌಂಟ್ ಮಾದರಿಯದು, ರೋಟರ್ 160 ಮಿ.ಮೀ. ನನ್ನ ತೂಕ 85 ಕಿಲೋ.

ಈ ಎರಡರಲ್ಲಿ ಯಾವುದನ್ನಾದರೂ ಮಳೆಗಾಲ ಪೂರ್ತಿ ಓಡಿಸಿದವರು ದಯವಿಟ್ಟು ತಿಳಿಸಿ: ಎಂಟಿ200 ಆದರೆ ಎಷ್ಟು ದಿನಕ್ಕೊಮ್ಮೆ ಬ್ಲೀಡ್ (ದ್ರವದಲ್ಲಿ ಸೇರಿದ ಗಾಳಿ ತೆಗೆಯುವುದು) ಮಾಡಬೇಕಾಯಿತು? ಮುಂದಿನ ಚಕ್ರಕ್ಕೆ 180 ಮಿ.ಮೀ. ರೋಟರ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆಯೇ? ಹಳೆಯ ರೋಟರಿನ ದಪ್ಪ 1.5 ಮಿ.ಮೀ.ಗೆ ಇಳಿದಿದೆ, ಹಾಗಾಗಿ ಅದನ್ನು ಹೇಗೂ ತೆಗೆಯುತ್ತೇನೆ.