ಅಡ್ಡಗಾಳಿಯಲ್ಲಿ ಇಳಿಸುವಾಗ ಸೆಸ್ನಾ ರನ್‌ವೇ ಬಿಟ್ಟು ಹೋಯಿತು, ಮತ್ತೆ ಹಾರೋದು ಹೇಗೆ?

ಸೋಲೋ ಹಾರಾಟ (ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ), ಸೆಸ್ನಾ 152 ಅನ್ನೋ ಸಣ್ಣ ತರಬೇತಿ ವಿಮಾನ. ಗಾಳಿ ಎಡಗಡೆಯಿಂದ. ಚಕ್ರ ಚೆನ್ನಾಗೇ ತಾಗಿತು, ಆಮೇಲೆ ಮೂಗು ಎಡಕ್ಕೆ ತಿರುಗಿ ವಿಮಾನ ಹುಲ್ಲಿಗೆ ನುಗ್ಗಿತು. ನೋಸ್ ವೀಲ್ ಮುರಿಯಿತು, ಪ್ರೊಪೆಲ್ಲರ್ ಬಾಗಿತು. ನನಗೇನೂ ಆಗಿಲ್ಲ. ಆದರೆ ಈಗ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ) ಅಲುಗಾಡಿದರೂ ಕೈ ಬೆವರುತ್ತದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
ತಮ್ಮಾ, ನೀನು ಹುಷಾರಾಗಿದ್ದೀಯಲ್ಲ, ಅಷ್ಟು ಸಾಕು. ತಗಡು ರಿಪೇರಿ ಆಗುತ್ತದೆ. ನಾನು ಹಾರಾಟ ಕಲಿಸುವವನು. ಎಲ್ಲರೂ ಚಕ್ರ ತಾಗುವವರೆಗಿನ ಮಾತೇ ಆಡುತ್ತಾರೆ, ಕ್ರ್ಯಾಬ್ (ಮೂಗನ್ನು ಗಾಳಿ ಕಡೆಗೆ ಓರೆ ಇಟ್ಟು ಬರುವುದು) ಹೇಗೆ, ರೆಕ್ಕೆ ಎಷ್ಟು ತಗ್ಗಿಸಬೇಕು ಅಂತ. ನಾನು ನೋಡಿದ ಹಾಗೆ ಎಡವಟ್ಟು ಜಾಸ್ತಿ ಆಗುವುದು ತಾಗಿದ ಮೇಲೆ. "ಅಬ್ಬಾ, ಇಳಿದೆ" ಅಂತ ಹುಡುಗರು ಕೈ ಸಡಿಲ ಬಿಡುತ್ತಾರೆ, ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಸುಮ್ನೆ ನಡುವಿಗೆ ಬಂದುಬಿಡುತ್ತದೆ. ಗಾಳಿ ಬರುವ ಕಡೆಯ ರೆಕ್ಕೆ ಏಳುತ್ತದೆ, ಬಾಲಕ್ಕೆ ಗಾಳಿ ಹೊಡೆದು ಮೂಗು ಅದೇ ಕಡೆಗೆ ತಿರುಗುತ್ತದೆ. ವೇಗ ಇಳಿದ ಹಾಗೆ ಏಲಿರಾನ್ (ಯೋಕ್ ತಿರುಗಿಸಿದರೆ ಅಲುಗುವ ರೆಕ್ಕೆಯ ಪಟ್ಟಿ), ರಡ್ಡರ್ (ಕಾಲಿನಿಂದ ಒತ್ತಿ ತಿರುಗಿಸುವ ಬಾಲದ ಪಟ್ಟಿ) ಎರಡಕ್ಕೂ ಬಲ ಕಡಿಮೆ, ಅದಕ್ಕೇ ಯೋಕನ್ನು ಗಾಳಿ ಕಡೆಗೆ ಇನ್ನೂ ಇನ್ನೂ ತಿರುಗಿಸುತ್ತಾ ಹೋಗಬೇಕು, ಕೊನೆಗೆ ಪೂರ್ತಿ. ಮೂಗನ್ನು ಕಾಲಿನಿಂದ ನೇರ ಹಿಡಿ. ಟ್ಯಾಕ್ಸಿ ಮಾಡುವಾಗಲೂ ಬಿಡಬೇಡ.

ಗಾಳಿ ಇಲ್ಲದ ಬೆಳಗ್ಗೆ ಹುಡುಕಿಕೊಂಡು ಹಾರಿದರೆ ಭಯ ಹೋಗಲ್ಲ. ಗಾಳಿ ಇರುವ ದಿನವೇ ಇನ್‌ಸ್ಟ್ರಕ್ಟರ್ ಜೊತೆ ಹೋಗು. ಇಳಿಯದೆ, ರನ್‌ವೇ ಮೇಲೆ ಕೆಲವೇ ಅಡಿ ಎತ್ತರದಲ್ಲಿ, ಗಾಳಿ ಕಡೆಯ ರೆಕ್ಕೆ ತಗ್ಗಿಸಿ ಸೆಂಟರ್‌ಲೈನ್ ಉದ್ದಕ್ಕೂ ಹೋಗಿ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಿಸಲು ಕೇಳು. ರಡ್ಡರ್ ಪೂರ್ತಿ ಒತ್ತಿದರೂ ಮೂಗು ನೇರ ನಿಲ್ಲಲಿಲ್ಲವೇ? ಅವತ್ತು ಆ ರನ್‌ವೇ ಬೇಡ.

ಉತ್ತರ 2
ಮೇಲಿನ ಸರ್ ಹೇಳಿದ್ದು ಸರಿ, ಆದರೆ ಹೊರಡುವ ಮೊದಲೇ ಲೆಕ್ಕಾನೂ ಹಾಕಿ. ರನ್‌ವೇ 26 (ಅಂದರೆ 260 ಡಿಗ್ರಿ ದಿಕ್ಕು), ಗಾಳಿ 230 ಡಿಗ್ರಿಯಿಂದ 16 ನಾಟ್ (ವೇಗದ ಅಳತೆ) ಅಂದರೆ 30 ಡಿಗ್ರಿ ಓರೆ, ಅಡ್ಡಕ್ಕೆ ಬೀಳುವುದು ಅರ್ಧ, 8 ನಾಟ್. ಅದೇ ಗಾಳಿ 200ರಿಂದ ಬಂದರೆ ಸುಮಾರು 14. ಸೆಸ್ನಾ 152ರ ಕೈಪಿಡಿಯಲ್ಲಿರುವ 12 ನಾಟ್ ಅಡ್ಡಗಾಳಿ ಕಂಪನಿಯ ಪರೀಕ್ಷೆಯಲ್ಲಿ ಮಾಡಿ ತೋರಿಸಿದ್ದು, ವಿದ್ಯಾರ್ಥಿಗೆ ಕೊಟ್ಟ ಪರ್ಮಿಶನ್ ಅಲ್ಲ. ಆಷಾಢದ ಗಾಳಿಯಲ್ಲಂತೂ ಗಸ್ಟ್ (ಒಮ್ಮೆಲೇ ಜೋರಾಗಿ ಬೀಸುವ ಗಾಳಿ) ಸೇರಿಸಿಯೇ ನೋಡಿ.

ಉತ್ತರ 3
ಈ ಘಟನೆಯ ವಿಚಾರಣೆ ಅಂದರೆ ಹೆದರಬೇಡಿ. ತನಿಖೆ ಇರುವುದು ಇನ್ನೊಮ್ಮೆ ಹೀಗಾಗದಿರಲಿ ಅಂತ, ತಪ್ಪು ಹೊರಿಸಲು ಅಲ್ಲ ಅಂತ ವಿಮಾನ ಅಪಘಾತ ತನಿಖೆಯ 2017ರ ನಿಯಮದಲ್ಲೇ ಇದೆ. ಟವರ್ ಹೇಳಿದ ಗಾಳಿ, ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಇಳಿಸುವ ಪಟ್ಟಿ) ಎಷ್ಟು, ಕಾಲು ಎಲ್ಲಿತ್ತು, ನೆನಪಿರುವುದನ್ನೆಲ್ಲ ಇವತ್ತೇ ಬರೆದಿಡಿ. ಕ್ಲಬ್‌ನಲ್ಲಿ ನಾಲ್ಕು ಜನ ನಾಲ್ಕು ಥರ ಹೇಳಿ ನಿಮ್ಮ ನೆನಪನ್ನೇ ಕಲಸಿಬಿಡುತ್ತಾರೆ.